ಅರಿಶಿನ ಹಚ್ಚಿಸಿಕೊಂಡ ಇಟಲಿ ಮೇಜು

ಮನುಷ್ಯ ನೆಲದಿಂದ ಎದ್ದು ಮೇಜಿನ ಮುಂದೆ ಕೂತ ದಿನವೇ ನಾಗರಿಕತೆ ಶುರುವಾಯಿತು ಎಂದು ತಿಳಿದವರು ಹೇಳುತ್ತಾರೆ. ಸಿಯಾಟಲ್‌ನ ಒಂದು ಫರ್ನಿಚರ್ ಅಂಗಡಿಯಲ್ಲಿ ನಿಂತು ನಾನೂ ಇದನ್ನು ಗಿರಾಕಿಗಳಿಗೆ ಬಹಳ ಗಂಭೀರವಾಗಿ ಹೇಳುತ್ತಿದ್ದೆ. ಸಂಜೆ ಮನೆಗೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸಾರನ್ನ ಉಣ್ಣುತ್ತಿದ್ದೆ.

ಈಗ ನಿವೃತ್ತನಾಗಿದ್ದೇನೆ. ಇದೇ ಕೆಲಸಕ್ಕೆ ಸೇರಿರುವ ನಮ್ಮ ಕಡೆಯ ಒಂದಿಬ್ಬರು ಹುಡುಗಿಯರು ಮೊನ್ನೆ ಸಿಕ್ಕಿ, "ಅಂಕಲ್, ಆ ಕೆಲಸ ನಿಜವಾಗ್ಲೂ ಹೇಗಿತ್ತು?" ಎಂದು ಕೇಳಿದರು. ಅವರಿಗಾಗಿ ಇದು. ಬಡ್ತಿಯ ಕಥೆ ಇದರಲ್ಲಿಲ್ಲ. ಸೇರುವಾಗ ಸೇಲ್ಸ್‌ಮನ್ ಆಗಿದ್ದೆ, ಬಿಡುವಾಗಲೂ ಸೇಲ್ಸ್‌ಮನ್ ಆಗಿಯೇ ಇದ್ದೆ. ನಡುವೆ ಒಮ್ಮೆ ನನ್ನ ಕುರ್ಚಿ ಬದಲಾಯಿಸಿದರು.

ಮೊದಲು ಹಿನ್ನೆಲೆ. ನಾನು ಮೈಸೂರಿನಲ್ಲಿ ಬೀಟೆಮರದ ಆನೆ ಮಾರುತ್ತಿದ್ದೆ. ಕರಕುಶಲ ವಸ್ತುಗಳ ಅಂಗಡಿ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ವಿದೇಶದವರು. ಸೊಂಡಿಲು ಮೇಲೆತ್ತಿದ ಆನೆ ಅದೃಷ್ಟದ್ದು ಎಂದು ಅವರಿಗೆ ಯಾರು ಹೇಳಿದ್ದರೋ, ಸೊಂಡಿಲು ಇಳಿಬಿಟ್ಟ ಆನೆಗಳೆಲ್ಲ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಆಮೇಲೆ ನನ್ನ ಹೆಂಡತಿ ಜಯಂತಿಗೆ ಸಿಯಾಟಲ್ ಹತ್ತಿರದ ಎವರೆಟ್‌ನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳ ಹಿಂದೆ ನಾನು ಬಂದೆ. ಗಂಡನ ಹಿಂದೆ ಹೆಂಡತಿ ಬಂದರೆ ಜನ ಅದನ್ನು ಸಂಸಾರ ಅನ್ನುತ್ತಾರೆ, ಹೆಂಡತಿಯ ಹಿಂದೆ ಗಂಡ ಬಂದರೆ, "ನೀವೇನು ಮಾಡ್ಕೊಂಡಿದ್ದೀರಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೊಂದು ಉತ್ತರ ಬೇಕಲ್ಲ ಎಂದು ಈ ಕೆಲಸಕ್ಕೆ ಸೇರಿದೆ. ವಿಧಿಯ ವ್ಯವಸ್ಥೆ ನೋಡಿ: ಮೈಸೂರಿನಲ್ಲಿ ವಿದೇಶದವರಿಗೆ ನಮ್ಮ ಮರ ಮಾರುತ್ತಿದ್ದವನು ವಿದೇಶದಲ್ಲಿ ಮೈಸೂರಿನವರಿಗೆ ಇಟಲಿಯ ಕಲ್ಲು ಮಾರುವವನಾದೆ.

ಅಂಗಡಿಯ ಮೇಲಧಿಕಾರಿ ಹ್ಯಾರಿಯೆಟ್. ಬೆಳ್ಳಿಕೂದಲಿನ, ಬೆನ್ನು ಬಾಗದ, ನಗುವನ್ನು ಹಬ್ಬಹರಿದಿನಕ್ಕೆಂದು ಎತ್ತಿಟ್ಟಿದ್ದ ಹೆಂಗಸು. ಸೇರಿದ ಮೊದಲ ವಾರ ನನಗೆ ಏನನ್ನೂ ಮಾರಲು ಬಿಡಲಿಲ್ಲ. "ಕೂತ್ಕೋ" ಅಂದಳು. ಅಂಗಡಿಯಲ್ಲಿದ್ದ ಒಂದೊಂದು ಕುರ್ಚಿಯ ಮೇಲೂ ಅರ್ಧರ್ಧ ದಿನ ಕೂತೆ. ಸಂಬಳ ತಗೊಂಡು ಸುಮ್ಮನೆ ಕೂತಿರುವುದು ಎಷ್ಟು ಕಷ್ಟ ಎಂದು ಅಲ್ಲಿ ತಿಳಿಯಿತು. ಬೆನ್ನಿಗೆ ಯಾವುದು ಎಲ್ಲಿ ಒತ್ತುತ್ತದೆ ಎಂದು ಇವತ್ತು ಕೇಳಿದರೂ ಕಣ್ಣು ಮುಚ್ಚಿ ಹೇಳಬಲ್ಲೆ.

ಎರಡನೇ ವಾರ ಬಾಯಿ ಬಿಡಲು ಅಪ್ಪಣೆಯಾಯಿತು. ಹಳೆಯ ಅಭ್ಯಾಸಬಲದಿಂದ ಒಬ್ಬ ಗಿರಾಕಿಗೆ, "ಈ ಕುರ್ಚಿ ಮನೆಗೆ ಅದೃಷ್ಟ ತರುತ್ತೆ" ಎಂದುಬಿಟ್ಟೆ. ಹ್ಯಾರಿಯೆಟ್ ಹಿಂದೆಯೇ ನಿಂತಿದ್ದಳು. "ಕ್ಷಮಿಸಿ," ಎಂದು ಗಿರಾಕಿಗೆ ಹೇಳಿದಳು, "ಈ ಕುರ್ಚಿ ಅದೃಷ್ಟ ತರೋದಿಲ್ಲ. ಬೆನ್ನುನೋವು ತರೋದಿಲ್ಲ, ಅಷ್ಟೇ." ಗಿರಾಕಿ ತಕ್ಷಣ ಎರಡು ಕುರ್ಚಿ ಕೊಂಡ. ಅಂದಿನಿಂದ ನಾನು ವಸ್ತು ಏನು ಮಾಡುತ್ತದೋ ಅಷ್ಟನ್ನೇ ಹೇಳತೊಡಗಿದೆ. ವ್ಯಾಪಾರಕ್ಕೆ ಇದರಿಂದ ನಷ್ಟವಾಗಲಿಲ್ಲ ಎಂದು ಅನುಭವದ ಮೇಲೆ ಹೇಳುತ್ತೇನೆ.

ಕಾಲ ಬದಲಾಯಿತು. ಮೊದಲೆಲ್ಲ ಜನ ಟೇಪು ಹಿಡಿದು ಬರುತ್ತಿದ್ದರು. ಆಮೇಲಾಮೇಲೆ ಐಪ್ಯಾಡ್ ಹಿಡಿದು ಬಂದರು. ಅದರೊಳಗೆ ತಮ್ಮ ಊಟದ ಮನೆಯ ಚಿತ್ರ, ಚಿತ್ರದೊಳಗೆ ನಮ್ಮ ಮೇಜು. ಮೇಜನ್ನು ಬೆರಳಲ್ಲಿ ತಳ್ಳಿ ಗೋಡೆಗೆ ಸೇರಿಸಿ, "ಇಲ್ಲಿ ಚೆನ್ನಾಗಿದೆ" ಎನ್ನುತ್ತಿದ್ದರು. ಎದುರಿಗೇ ನಿಂತ ಮೇಜಿನ ಮೇಲೆ ಕೈಯಿಡುತ್ತಿರಲಿಲ್ಲ. ಹ್ಯಾರಿಯೆಟ್‌ಗೆ ಮೈ ಉರಿಯುತ್ತಿತ್ತು. "ಮೊದಲು ಕೈ, ಆಮೇಲೆ ಕಣ್ಣು, ಕೊನೆಗೆ ಬೇಕಾದರೆ ಆ ಗಾಜಿನ ಹಲಗೆ" ಎನ್ನುವಳು.

ಇಂಥ ಕಾಲದಲ್ಲಿ ಆ ಮೇಜು ಬಂತು.

ಎಪ್ಪತ್ತರ ದಶಕದಲ್ಲಿ ಇಟಲಿಯ ಒಬ್ಬ ವಾಸ್ತುಶಿಲ್ಪಿ ಬರೆದ ನಕ್ಷೆ. ಕೆಲವು ವರ್ಷ ಮಾಡಿದರು, ಆಮೇಲೆ ನಿಲ್ಲಿಸಿದರು. ನಕ್ಷೆ ಬರೆದವನೂ ತೀರಿಕೊಂಡ. ಈಗ ಅವನ ಮನೆಯವರ ಒಪ್ಪಿಗೆ ಪಡೆದು, ಹಳೆಯ ನಕ್ಷೆ ಹುಡುಕಿ ತೆಗೆದು ಮತ್ತೆ ಮಾಡಲು ಶುರುಮಾಡಿದ್ದರು. ಪುನರ್ಜನ್ಮದ ವಿಷಯ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹೋದ ಜನ್ಮದ ಅಳತೆಯಲ್ಲೇ ಹುಟ್ಟಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಕೂಡದು ಎಂಬ ಷರತ್ತು ಮಾತ್ರ ಇಟಲಿಯವರದು.

ಮೇಜು ಪೂರ್ತಿ ಬಿಳಿ ಅಮೃತಶಿಲೆ. ಕಲ್ಲಿನದೇ ಮೂರು ಕಾಲು, ಮೇಲೆ ಹೋದಂತೆ ಸಣ್ಣಗಾಗುವಂಥವು. ದುಂಡು ಹಲಗೆಯಲ್ಲಿ ಅದೇ ಓರೆಯಲ್ಲಿ ಕೊರೆದ ಮೂರು ತೂತು. ಹಲಗೆಯನ್ನು ಮೇಲಿಂದ ಇಳಿಸಿದರೆ ತನ್ನ ಭಾರಕ್ಕೆ ತಾನೇ ಕೂತು ಬಿಗಿಯಾಗುತ್ತದೆ. ಸ್ಕ್ರೂ ಇಲ್ಲ, ಅಂಟು ಇಲ್ಲ, ಮೊಳೆ ಇಲ್ಲ. ಭಾರ ಹೆಚ್ಚಿದಷ್ಟೂ ಬಿಗಿ ಹೆಚ್ಚು. ಕಾಲುಗಳ ನೆತ್ತಿ ಮೇಲ್ಮೈಗೆ ಸರಿಸಮನಾಗಿ ಬಂದು ಮೂರು ಬಿಲ್ಲೆಗಳ ಹಾಗೆ ಕಾಣುತ್ತದೆ. ಕಲ್ಲಿಗೆ ಹೊಳಪು ಕೊಟ್ಟಿರಲಿಲ್ಲ, ಮೇಣದ ತೆಳು ಲೇಪ ಮಾತ್ರ. ಮೂಲದಲ್ಲಿ ಹಾಗೇ ಇತ್ತಂತೆ.

ಅದನ್ನು ಜೋಡಿಸಿದ ದಿನ ಹ್ಯಾರಿಯೆಟ್ ಬಿಳಿ ಕೈಗವಸು ಹಾಕಿಕೊಂಡು ಬಂದಿದ್ದಳು. ಹಲಗೆ ಇಳಿಯುತ್ತ ಇಳಿಯುತ್ತ ಕೊನೆಗೆ 'ದಪ್' ಎಂದು ಸಣ್ಣ ಸದ್ದು ಮಾಡಿ ಕೂತಿತು. ಹ್ಯಾರಿಯೆಟ್ ನಕ್ಕಳು. ಅಂಗಡಿಯ ಇತಿಹಾಸದಲ್ಲಿ ಇದು ದಾಖಲಾಗಬೇಕಾದ ಸಂಗತಿ.

ಕೊಳ್ಳಲು ಬಂದವರು ಟೋಟೆಮ್ ಲೇಕ್‌ನ ಅಪಾರ್ಟ್‌ಮೆಂಟಿನಲ್ಲಿದ್ದ ಗಿರೀಶ ಮತ್ತು ವೀಣಾ. ಡುವಾಲ್‌ನಲ್ಲಿ ಹೊಸ ಮನೆ ಕೊಂಡಿದ್ದರು. ಗಿರೀಶ ಸಾಫ್ಟ್‌ವೇರಿನವನು. ವೀಣಾ ಎವರೆಟ್‌ನ ವಿಮಾನದ ಕಾರ್ಖಾನೆಯಲ್ಲಿ ಇಂಜಿನಿಯರು. ಮೇಜಿನ ಕೆಳಗೆ ತಲೆ ತೂರಿಸಿ ನೋಡಿದವಳು ಹೊರಗೆ ಬರುವಷ್ಟರಲ್ಲಿ ಕೊಂಡೇ ಬಿಟ್ಟಿದ್ದಳು. ಗಿರೀಶನಿಗೆ ಅನುಮಾನ.

"ಸರ್, ಸ್ಕ್ರೂನೇ ಇಲ್ವಾ? ಅರ್ಥ್‌ಕ್ವೇಕ್ ಬಂದ್ರೆ?"

"ಅರ್ಥ್‌ಕ್ವೇಕ್ ಬಂದ್ರೆ ಇದರ ಕೆಳಗೇ ಸೇರ್ಕೊಳ್ಳಪ್ಪ. ನಿಮ್ಮ ಮನೇಲಿ ಇದಕ್ಕಿಂತ ಗಟ್ಟಿ ಏನೂ ಇರಲ್ಲ."

ಮಾರನೇ ವಾರ ಗಿರೀಶನ ತಾಯಿ ಕಮಲಮ್ಮನವರನ್ನೂ ಕರೆತಂದರು. ಮಂಡ್ಯದ ಕಡೆಯವರು, ಮಗನ ಗೃಹಪ್ರವೇಶಕ್ಕೆಂದು ಬಂದು, ಚಳಿಗಾಲ ಕಳೆದು ಹೋಗುವವರಿದ್ದರು. ಅವರು ಐಪ್ಯಾಡ್ ನೋಡಲಿಲ್ಲ. ನೇರವಾಗಿ ಬಂದು ಕಲ್ಲನ್ನು ಬೆರಳ ಗಿಣ್ಣಿನಿಂದ ಕುಟ್ಟಿದರು, ಅಂಗೈಯಿಂದ ಸವರಿದರು. ಹ್ಯಾರಿಯೆಟ್ ಹುಬ್ಬೇರಿಸಿದಳು, ಅವಳ ಪಾಠ ಹೇಳಿಸಿಕೊಳ್ಳದೆ ಪಾಸಾದ ಮೊದಲ ಗಿರಾಕಿ ಅದು.

"ಗುದ್ದಲಿಗೆ ಕಾವು ಕೂರಿಸ್ದಂಗೈತಲ್ಲ!" ಎಂದರು ಕಮಲಮ್ಮ. ಆಮೇಲೆ ನನ್ನ ಕಡೆ ವಾಲಿ ಪಿಸುದನಿಯಲ್ಲಿ, "ಶ್ರೀಕಂಠಯ್ಯನವ್ರೇ, ಇದ್ರ ಮೇಲೆ ಚಪಾತಿ ಲಟ್ಟಿಸ್ಬೋದಾ?"

"ಏನು ಕೇಳುತ್ತಿದ್ದಾರೆ?" ಎಂದಳು ಹ್ಯಾರಿಯೆಟ್.

"ಮೇಲ್ಮೈಯ ಗುಣವಿಶೇಷಗಳ ಬಗ್ಗೆ ವಿಚಾರಿಸುತ್ತಿದ್ದಾರೆ" ಎಂದೆ.

ಮೇಜು ಡುವಾಲ್‌ಗೆ ಹೋಯಿತು. ನಾವೇ ಹೋಗಿ ಜೋಡಿಸಿದೆವು. ಹ್ಯಾರಿಯೆಟ್ ತನ್ನ ಪದ್ಧತಿಯಂತೆ ಗಂಡಹೆಂಡಿರನ್ನು ನಿಲ್ಲಿಸಿಕೊಂಡು ಕಲ್ಲಿನ ಆರೈಕೆಯ ಪಾಠ ಮಾಡಿದಳು. ನಿಂಬೆಹಣ್ಣು, ವೈನ್, ಕಾಫಿ, ವಿನಿಗರ್, ಎಲ್ಲವೂ ಆ ಪಾಠದಲ್ಲಿದ್ದವು. ಅರಿಶಿನ ಇರಲಿಲ್ಲ. ಕಮಲಮ್ಮ ಆಗ ಅಡುಗೆಮನೆಯಲ್ಲಿ ಹಾಲುಕ್ಕಿಸಲು ಪಾತ್ರೆ ಹುಡುಕುತ್ತಿದ್ದರು.

ಗೃಹಪ್ರವೇಶವಾದ ಎರಡು ದಿನಕ್ಕೆ ಗಿರೀಶನ ಫೋನು.

"ಸರ್, ಟೇಬಲ್ ವಾಪಸ್ ತಗೊಂಡ್ಹೋಗಿ."

"ಏನಾಯ್ತಪ್ಪಾ?"

"ಅಮ್ಮ ಪೂಜೆ ಮಾಡಿದಾರೆ."

"ಯಾರಿಗೆ?"

"ಟೇಬಲ್‌ಗೆ ಸರ್! ಅರಿಶಿನ ಕಲಸಿ ಆ ಮೂರು ಸರ್ಕಲ್‌ಗೂ ದಪ್ಪಗೆ ಬಳಿದು, ನಡುವೆ ಕುಂಕುಮ ಇಟ್ಟಿದಾರೆ. ಅವತ್ತು ಅಳಿಸಬಾರದು ಅಂತ ಬೇರೆ. ನಾನು ನೋಡೋ ಹೊತ್ತಿಗೆ ಒಳಗೆ ಇಳಿದುಹೋಗಿತ್ತು. ಕ್ಲೀನ್ ಮಾಡಕ್ಕೆ ಹೋದೆ, ರಕ್ತದ ಥರ ಕೆಂಪಾಗೋಯ್ತು."

"ಏನು ಹಾಕಿದೆ?"

"ಬೇಕಿಂಗ್ ಸೋಡಾ. ಇಂಟರ್ನೆಟ್‌ನಲ್ಲಿತ್ತು."

ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಆಗುತ್ತದೆ. ಆರತಿ ತಟ್ಟೆ ಕಂಡ ಯಾರಿಗೂ ಗೊತ್ತಿರುವ ವಿಷಯ. ಸೋಡಾ ಮಾಡುವುದೂ ಅದನ್ನೇ. ಹುಡುಗ ಇಟಲಿಯ ಮೇಜಿನ ಮೇಲೆ ಓಕುಳಿ ಕಲಸಿದ್ದ.

ರಾತ್ರಿ ಊಟಕ್ಕೆ ಕೂತಾಗ ಜಯಂತಿಗೆ ಹೇಳಿದೆ. ಅವಳು ಅನ್ನ ಕಲಸುತ್ತ, "ಮೇಜಿನ ಕಲೆ ಹಾಗಿರಲಿ, ಆಯಮ್ಮನ ಗತಿ ಏನು?" ಎಂದಳು. ನರ್ಸುಗಳು ಯಾವಾಗಲೂ ಮೊದಲು ಉಸಿರಾಡುವವರ ವಿಷಯ ಕೇಳುತ್ತಾರೆ.

ಮಾರನೇ ದಿನ ಹ್ಯಾರಿಯೆಟ್ ಜೊತೆ ಡುವಾಲ್‌ಗೆ ಹೋದೆ. ದಾರಿಯುದ್ದಕ್ಕೂ ಮಳೆ. ಹೋಗಿ ನೋಡಿದರೆ ಮನೆಯೊಳಗೆ ಇನ್ನೂ ಹೆಚ್ಚು ಮೋಡ. ಗಿರೀಶ ತಾಯಿಯ ಮೇಲೆ ರೇಗಿದ್ದ. "ಇನ್ಮೇಲೆ ಈ ಮನೇಲಿ ಯಾವುದನ್ನೂ ಮುಟ್ಟಬೇಡ" ಎಂದೂ ಅಂದುಬಿಟ್ಟಿದ್ದ. ಕಮಲಮ್ಮ ಅಕ್ಷರಶಃ ಪಾಲಿಸುತ್ತಿದ್ದರು. ಮೇಜು ಇರುವ ಕೋಣೆಗೇ ಬರುತ್ತಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ನೆಲದ ಮೇಲೆ ತಟ್ಟೆಯಿಟ್ಟುಕೊಂಡು ಉಣ್ಣುತ್ತಿದ್ದರು. ಸೊಸೆ ಎಷ್ಟು ಕರೆದರೂ, "ಬ್ಯಾಡ ಕಣವ್ವ, ಇನ್ನೊಂದು ಕಲೆ ಆದಾತು" ಎನ್ನುತ್ತಿದ್ದರಂತೆ. ನಾನೂ ನೆಲದ ಮೇಲೆ ಉಣ್ಣುವವನೇ. ಆದರೆ ಬೇಕೆಂದು ಕೂರುವುದು ಬೇರೆ, ಮುಖ ಮುಚ್ಚಿಕೊಳ್ಳಲು ಕೂರುವುದು ಬೇರೆ.

ಹ್ಯಾರಿಯೆಟ್ ಮೇಜಿನ ಮೇಲೆ ಬಾಗಿ ಬಹಳ ಹೊತ್ತು ನೋಡಿದಳು. ಬರೀ ನೀರಲ್ಲಿ ಅದ್ದಿದ ಬಟ್ಟೆಯಿಂದ ಸೋಡಾ ಒರೆಸಿ ಒರೆಸಿ ತೆಗೆದಳು. ಕೆಂಪು ಇಳಿಯಿತು; ಹಳದಿ ಉಳಿಯಿತು. ಮೂರು ನೆತ್ತಿಗಳ ಮೇಲೂ, ಸುತ್ತಲ ಹಲಗೆಯ ಮೇಲೂ.

"ಮೇಲ್ಮೈ ಉಜ್ಜಿಸಿಬಿಡಿ" ಎಂದ ಗಿರೀಶ.

"ಆಗಲ್ಲ ಕಣೋ," ಎಂದಳು ವೀಣಾ. "ಹಲಗೆ, ಕಾಲು ಒಂದೇ ಸಮ ಸವೆಯಲ್ಲ, ಹಲಗೆ ಚೂರು ಹೆಚ್ಚು ಸವೆದ್ರೂ ಕಾಲು ಮೇಲೆ ಎದ್ದು ನಿಲ್ಲುತ್ತೆ. ಸಾಂಬಾರ್ ಪಾತ್ರೆ ಇಟ್ರೆ ವಾಲುತ್ತೆ."

ಹ್ಯಾರಿಯೆಟ್ ನನ್ನ ಕಡೆ ತಿರುಗಿದಳು. "ಅವರು ಇಷ್ಟು ದೊಡ್ಡ ಮೇಜಿನಲ್ಲಿ ಬಣ್ಣವನ್ನು ಸರಿಯಾಗಿ ಇಲ್ಲೇ ಯಾಕೆ ಹಚ್ಚಿದರು? ಕೇಳು."

ಅಡುಗೆಮನೆಯ ಬಾಗಿಲಿಗೆ ಹೋಗಿ ಕೇಳಿದೆ. ಕಮಲಮ್ಮ ತಲೆಯೆತ್ತಲಿಲ್ಲ.

"ಇನ್ನೆಲ್ಲಿ ಹಚ್ಲಿ? ಇಷ್ಟು ಭಾರ ಹೊತ್ಕೊಂಡು ನಿಂತಿರೋವು ಆ ಮೂರು. ಹೊರೋದಕ್ಕೆ ತಾನೇ ಪೂಜೆ ಮಾಡೋದು? ಗಾಡಿಗೆ ಪೂಜೆ ಮಾಡಿದ್ರೆ ಚಕ್ರಕ್ಕಲ್ವಾ ಕುಂಕುಮ ಇಡೋದು?"

ಈ ಸಲ ನಾನು ಗುಣವಿಶೇಷ ಅದೂ ಇದೂ ಎನ್ನದೆ, ಇದ್ದದ್ದನ್ನು ಇದ್ದಂತೆಯೇ ಇಂಗ್ಲಿಷಿಗೆ ತಂದೆ.

ಹ್ಯಾರಿಯೆಟ್ ಕೈಗವಸು ತೆಗೆದು ಚೀಲಕ್ಕೆ ಹಾಕಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು, "ಇವರಿಗೆ ಹೇಳು. ಕಾಲುಗಳ ತುದಿಯನ್ನು ಇದರ ನಕ್ಷೆ ಬರೆದವನು ಮುಚ್ಚಬಹುದಾಗಿತ್ತು. ಊಟ ಮಾಡುವವರಿಗೆ ಭಾರ ಹೊತ್ತಿರುವುದು ಯಾವುದೆಂದು ಕಾಣಲಿ ಅಂತ ಬೇಕೆಂದೇ ತೆರೆದಿಟ್ಟ. ಈ ಮೇಜನ್ನು ನಾನು ಎಷ್ಟೋ ಜನಕ್ಕೆ ತೋರಿಸಿದೆ. ಎಲ್ಲರೂ ಅದರ ಮೇಲೆ ಹಣ್ಣಿನ ಬುಟ್ಟಿ ಎಲ್ಲಿಡೋಣ ಅಂತ ಕೇಳಿದರು. ಆ ಮೂರನ್ನು ಗಮನಿಸಿದವರು ಇವರೊಬ್ಬರೇ."

ಇದನ್ನೂ ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ.

ಕಮಲಮ್ಮ ಹ್ಯಾರಿಯೆಟ್‌ಳನ್ನೇ ನೋಡಿದರು. "ಕಾಫಿ ಕುಡೀತಾರಾ ಕೇಳಿ" ಎಂದರು. ಆಮೇಲೆ ಲೋಟ ತೊಳೆಯುತ್ತ, ಯಾರಿಗೂ ಅಲ್ಲವೆಂಬಂತೆ, "ಅರಿಶಿನದ ಕಲೆಗೆ ಯಾಕಿಷ್ಟು ರಂಪ? ಬಿಸಿಲಿಗಿಟ್ರೆ ತಾನೇ ಹೋಗುತ್ತೆ. ಸೀರೆಗಾದ್ರೆ ಏನ್ ಮಾಡ್ತೀವಿ?"

"ಸರಿಯಾದ ಮಾತು" ಎಂದಳು ಹ್ಯಾರಿಯೆಟ್, ನಾನು ಅನುವಾದಿಸಿದ ಮೇಲೆ. ಕಿಟಕಿಯ ಪಕ್ಕದಲ್ಲಿಟ್ಟ ಸೋಫಾದ ಬಣ್ಣ ಬಿಸಿಲು ತಿಂದುಹಾಕಿತೆಂದು ದೂರುವ ಗಿರಾಕಿಗಳನ್ನು ಅವಳು ಎಷ್ಟೋ ನೋಡಿದ್ದಳು. "ಈ ಸಲ ಆ ಶತ್ರುವನ್ನೇ ಕೂಲಿಗೆ ಕರೆಯೋಣ."

ಗಿರೀಶ ಕಿಟಕಿಯ ಹೊರಗೆ ಕೈ ತೋರಿಸಿದ. ಹೊರಗೆ ದೇವದಾರು ಮರ, ಮರದ ಮೇಲೆ ಮೋಡ, ಮೋಡದ ಕೆಳಗೆ ಮಳೆ. ನವೆಂಬರಿನಲ್ಲಿ ಈ ಸೀಮೆಯಲ್ಲಿ ಬಿಸಿಲು ಕೇಳುವುದೆಂದರೆ ಶೂನ್ಯಮಾಸದಲ್ಲಿ ಮದುವೆಯ ಛತ್ರ ಕೇಳಿದ ಹಾಗಲ್ಲ. ಛತ್ರವಾದರೂ ಖಾಲಿ ಇರುತ್ತದೆ.

ಹ್ಯಾರಿಯೆಟ್ ಗಿರೀಶನಿಗೆ ಹೇಳಿದ್ದು ಇಷ್ಟು: "ಕಾಗದದ ಪ್ರಕಾರ ಕಲೆಯಾದ ಮೇಜನ್ನು ನಾನು ವಾಪಸು ತಗೊಳ್ಳಬೇಕಾಗಿಲ್ಲ. ಆದರೆ ಬೇಡವಾದ ಮನೆಯಲ್ಲಿ ಇದು ಇರುವುದು ನನಗೂ ಬೇಡ. ಒಳ್ಳೆ ಬಿಸಿಲು ಬರಲಿ. ಆಮೇಲೂ ಬೇಡವೆಂದರೆ ನಾನೇ ಬಂದು ಒಯ್ಯುತ್ತೇನೆ."

ಹಾಗೆ ನಾವು ಕಾದೆವು. ಗಿರೀಶ ದಿನಾ ಬೆಳಗ್ಗೆ ಫೋನಿನಲ್ಲಿ ಹವಾಮಾನ ನೋಡುತ್ತಿದ್ದ, ಹಿಂದಿನವರು ಪಂಚಾಂಗ ನೋಡುತ್ತಿದ್ದ ಶ್ರದ್ಧೆಯಿಂದ. ಡಿಸೆಂಬರ್ ಹೋಯಿತು. ಜನವರಿಯೂ ಹೋಯಿತು. ವೀಣಾ ಆಗಾಗ ಫೋನು ಮಾಡುತ್ತಿದ್ದಳು. "ಅತ್ತೆ ಇನ್ನೂ ಟೇಬಲ್ ಹತ್ರ ಬರಲ್ಲ ಅಂಕಲ್. ಇವನೂ ಸಾರಿ ಅಂತ ಬಾಯಿ ಬಿಡಲ್ಲ. ನಾನೊಬ್ಬಳೇ ಕೂತು ತಿಂತಿದೀನಿ, ಬೋರ್ಡ್ ಮೀಟಿಂಗ್ ಥರ." ಕಮಲಮ್ಮನವರ ಊರಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಕಲೆ ಹೋಗುವ ಮುಂಚೆ ಅವರು ಹೊರಟರೆ ಆ ಮೂರು ಹಳದಿ ಬಿಲ್ಲೆಗಳನ್ನು ಮಂಡ್ಯದವರೆಗೂ ಮನಸ್ಸಿನಲ್ಲಿ ಹೊತ್ತುಕೊಂಡೇ ಹೋಗುತ್ತಾರೆ. ಆಮೇಲೆ ಮಗನ ಮನೆಗೆ ಮತ್ತೆ ಬರುವ ಮಾತಿಲ್ಲ. ಇದು ನಮಗೆಲ್ಲ ಗೊತ್ತಿತ್ತು.

ಫೆಬ್ರವರಿಯಲ್ಲಿ ಆಕಾಶ ತೆರೆಯಿತು. ಮೂಳೆ ಕೊರೆಯುವ ಚಳಿ, ಆದರೆ ಮೋಡದ ಚೂರೂ ಇಲ್ಲ. "ಸರ್, ವಾರಪೂರ್ತಿ ಸನ್ನಿ ಅಂತ ತೋರಿಸ್ತಿದೆ!" ಎಂದು ಗಿರೀಶ ಫೋನಿನಲ್ಲಿ ಕೂಗಿದ. ನಾನೂ ಹ್ಯಾರಿಯೆಟ್ಟೂ, ಭಾರ ಎತ್ತುವ ನಮ್ಮವರನ್ನು ಕರೆದುಕೊಂಡು ಹೊರಟೆವು.

ಇಲ್ಲಿ ಆ ವಾಸ್ತುಶಿಲ್ಪಿಗೆ ನಾನು ಕೈಮುಗಿಯುತ್ತೇನೆ. ಬೇರೆ ಯಾವ ಮೇಜಾಗಿದ್ದರೂ ಅಂಟು ಬಿಡಿಸಬೇಕು, ಸ್ಕ್ರೂ ಕೀಳಬೇಕು, ಇಲ್ಲವೇ ಬಾಗಿಲು ಒಡೆಯಬೇಕು. ಇದನ್ನು ನಾಲ್ಕೂ ಕಡೆ ಹಿಡಿದು ಮೇಲೆತ್ತಿದೆವು, ಅಷ್ಟೇ, ಬಿಟ್ಟುಕೊಂಡು ಬಂತು. ಹಲಗೆಯನ್ನು ಮನೆಯ ಹಿಂದಿನ ಡೆಕ್ ಮೇಲೆ, ಅಂದರೆ ಮರದ ಜಗಲಿಯ ಮೇಲೆ, ದಕ್ಷಿಣಕ್ಕೆ ಮುಖಮಾಡಿ ಒರಗಿಸಿದೆವು. ಮೂರು ಕಾಲುಗಳನ್ನೂ ಸಾಲಾಗಿ ನಿಲ್ಲಿಸಿ, ನೆತ್ತಿಯ ಮೇಲೆ ಬಿಸಿಲು ಬೀಳುವಂತೆ ಬೆನ್ನಿಗೆ ಆಸರೆ ಕೊಟ್ಟು ವಾಲಿಸಿದೆವು. ಎಣ್ಣೆಸ್ನಾನ ಮಾಡಿ ಎಳೆಬಿಸಿಲಿಗೆ ಕೂತ ಮೂವರು ಯಜಮಾನರ ಹಾಗೆ ಕಾಣುತ್ತಿದ್ದವು. ಪಕ್ಕದ ತೋಟದವನು ಪಿಕಪ್ ನಿಲ್ಲಿಸಿ, ಇದನ್ನು ಮಾರುತ್ತೀರಾ ಎಂದು ಕೇಳಿದ. "ಚಿಕಿತ್ಸೆಯಲ್ಲಿದೆ" ಎಂದಳು ಹ್ಯಾರಿಯೆಟ್, ನಗದೆ.

ಅಷ್ಟು ದಿನ ಕೋಣೆಗೇ ಬಾರದ ಕಮಲಮ್ಮ ಈಗ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಮಗನ ಜಾಕೆಟ್ ಹಾಕಿಕೊಂಡು ಡೆಕ್ ಮೇಲೆ ಕಾವಲು ಕೂತರು. ಸೂರ್ಯ ಸರಿದಂತೆಲ್ಲ, "ಇದನ್ನ ಈ ಕಡೆ ತಿರುಗ್ಸೋ ಗಿರಿ" ಎನ್ನುತ್ತಿದ್ದರಂತೆ. ಗಿರೀಶ ಮನೆಯಿಂದಲೇ ಕೆಲಸ ಮಾಡುತ್ತ, ಮೀಟಿಂಗುಗಳ ನಡುವೆ ಎದ್ದು ಬಂದು ಕಲ್ಲಿನ ಕಾಲು ತಿರುಗಿಸುತ್ತಿದ್ದ. ಸಂಡಿಗೆ ಒಣಗಿಸುವಾಗ ಇರುವಷ್ಟೇ ಜಾಗರೂಕತೆ. ಸಂಡಿಗೆಗಾದರೆ ಕಾಗೆಯ ಕಾಟ, ಇಲ್ಲಿ ಅದೂ ಇಲ್ಲ. ತಾಯಿಮಗ ಮಾತಾಡಲು ಶುರುಮಾಡಿದ್ದು ಆ ಡೆಕ್ ಮೇಲೆಯೇ ಎಂದು ವೀಣಾ ಆಮೇಲೆ ಹೇಳಿದಳು.

ವಾರದ ಕೊನೆಗೆ ಮತ್ತೆ ಹೋದೆವು. ಹಲಗೆ ಬೆಳ್ಳಗಾಗಿತ್ತು. ಎರಡು ನೆತ್ತಿಗಳೂ ಸ್ವಚ್ಛ. ಮೂರನೆಯದರಲ್ಲಿ, ಗೊತ್ತಿದ್ದವರು ಹುಡುಕಿದರೆ ಕಾಣುವಷ್ಟು ಹಳದಿ ಛಾಯೆ ಉಳಿದಿತ್ತು. ಹ್ಯಾರಿಯೆಟ್ ಭೂತಗನ್ನಡಿ ಹಿಡಿದು ನೋಡಿ, ಗಿರೀಶನನ್ನು ಕೇಳಿದಳು: "ಒಯ್ಯಲೋ, ಜೋಡಿಸಲೋ?"

ಗಿರೀಶ ಒಳಗೆ ಹೋದ. ಬರುವಾಗ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಹಲಗೆ ಇನ್ನೂ ಒರಗಿಸಿದ ಹಾಗೇ ಇತ್ತು. ಅವನು ಅದರ ಹಿಂಬದಿಯನ್ನು, ಅಂದರೆ ಜೋಡಿಸಿದ ಮೇಲೆ ಕೆಳಮುಖವಾಗುವ ಭಾಗವನ್ನು ತೋರಿಸಿ, "ಅಮ್ಮ, ಈ ಸಲ ಇಲ್ಲಿಡು. ಎಷ್ಟು ಬೇಕಾದ್ರೂ ಇಡು" ಎಂದ.

"ಅಳಿಸ್ಬಾರ್ದು ಮತ್ತೆ" ಎಂದರು ಕಮಲಮ್ಮ.

"ಅಳಿಸಲ್ಲಮ್ಮ."

ಅವರು ಒಂದೊಂದು ತೂತಿನ ಪಕ್ಕಕ್ಕೂ ಒಂದೊಂದು ಬೊಟ್ಟು ಇಟ್ಟರು. ಆಮೇಲೆ ಹಲಗೆ ಎತ್ತಿ ಒಳಗೆ ತಂದು ಇಳಿಸಿದೆವು. 'ದಪ್' ಎಂದು ಕೂತಿತು. ಹ್ಯಾರಿಯೆಟ್ ಎರಡನೇ ಸಲ ನಕ್ಕಳು. ಅಂಗಡಿಗೆ ಹಿಂದಿರುಗಿದ ಮೇಲೆ ತನ್ನ ಆರೈಕೆಯ ಪಾಠಕ್ಕೆ ಅರಿಶಿನವನ್ನೂ ಸೇರಿಸಿದಳು. ಅದನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, ಮನೆಯ ಹಿರಿಯರಿಗೆ ಅವರ ಭಾಷೆಯಲ್ಲೇ ಮತ್ತೊಮ್ಮೆ ಹೇಳಬೇಕೆಂದು ನಿಯಮ ಮಾಡಿದಳು. ನಾನು ಬಿಡುವವರೆಗೂ ಆ ಕೆಲಸ ನನ್ನದಾಗಿತ್ತು. ಅಂಗಡಿಯಲ್ಲಿ ಕಳೆದ ವರ್ಷಗಳಲ್ಲಿ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವುದು ಯಾವುದಾದರೂ ಇದ್ದರೆ ಇದೇ. ಹುಡುಗಿಯರೇ, ನೀವೂ ಹಿರಿಯರನ್ನು ಅಡುಗೆಮನೆಯಿಂದ ಕರೆಸಿಯೇ ಪಾಠ ಶುರುಮಾಡಿ.

ಅವತ್ತು ಊಟಕ್ಕೆ ನಮ್ಮನ್ನೂ ನಿಲ್ಲಿಸಿಕೊಂಡರು. ಹುಣಿಸೆಹುಳಿ ಕಲ್ಲಿಗೆ ಆಗದೆಂದು ಹುಳಿ ಮಾಡಿರಲಿಲ್ಲ, ಪೊಂಗಲ್ ಇತ್ತು. ಗಿರೀಶ ಕುರ್ಚಿ ಎಳೆದು ಕೊಟ್ಟ. ಕಮಲಮ್ಮ ಮೇಜಿನ ಮುಂದೆ ಕೂತು ಎರಡು ಸಲ ಬಡಿಸಿಕೊಂಡು ಉಂಡರು, ಮುಂದಿನ ವಾರ ಊರಿಗೆ ಹೋದರು. ಮೇಜು ವಾಪಸು ಬರಲಿಲ್ಲ.